ಕಾಂತಕ್ಷೇತ್ರದಲ್ಲಿ ಓದೋ ಟ್ಯಾಗ್ ಹಚ್ಚಿ ಸಾಮಾನು ಟ್ರ್ಯಾಕ್ ಮಾಡೋದು ಹೇಗೆ: ಗಡಿ ಗುರುತಿಸೋದ್ರಿಂದ ಆಂಟೆನಾ ಟ್ಯೂನಿಂಗ್ ತನಕ ಸಮಗ್ರ ಮಾರ್ಗದರ್ಶಿ

ಸಾಮಾನಿಗೆ ಟ್ಯಾಗ್ (ಸುರುಳಿ ಮತ್ತು ಚಿಪ್ ಇರೋ ಸಣ್ಣ ಬಿಲ್ಲೆ ಅಥವಾ ಸ್ಟಿಕ್ಕರ್) ಹಚ್ಚಿ ಲೆಕ್ಕ ಇಡೋಣ ಅಂತ ಹೊರಟೋರು ಮೊದಲು ಕೇಳೋದು "ಎಷ್ಟು ದೂರದಿಂದ ಓದತ್ತೆ?" ಅಂತ. ಕಾಂತಕ್ಷೇತ್ರದ ಟ್ಯಾಗ್‌ಗಳ ವಿಷಯದಲ್ಲಿ ಮೊದಲು ಕೇಳ್ಬೇಕಾದ್ದು ಬೇರೆ: ಓದೋದು ಎಲ್ಲಿ ನಿಲ್ಲಬೇಕು? ಯಾಕಂದ್ರೆ ಈ ತಂತ್ರಜ್ಞಾನದ ನಿಜವಾದ ಬಲ ಇರೋದೇ ಅದರ ಗಡಿಯಲ್ಲಿ. ಡ್ರಾಯರ್ ಒಳಗಿರೋ ಸ್ಪ್ಯಾನರ್ ಕಾಣಬೇಕು, ಪಕ್ಕದ ಡ್ರಾಯರ್‌ನಲ್ಲಿರೋದು ಕಾಣಬಾರದು, ಇದನ್ನ ವೈಫೈ ಬ್ಲೂಟೂತ್ ಹತ್ರ ಮಾಡಿಸೋಕೆ ಹೋದ್ರೆ ಒದ್ದಾಟ, ಆದ್ರೆ ಒಂದು ತಾಮ್ರದ ಸುರುಳಿ ಹತ್ರ ಇದು ಸಹಜವಾಗಿ ಆಗತ್ತೆ.

ಇಲ್ಲಿ ಉದಾಹರಣೆಗೆ ಒಂದು ಟೂಲ್ ರೂಮ್ ಇಟ್ಕೊಳ್ತೀನಿ: ಕಪಾಟುಗಳು, ಡ್ರಾಯರ್‌ಗಳು, ಒಂದು ಬಾಗಿಲು, ಟಾರ್ಕ್ ರೆಂಚ್‌ನಿಂದ ಹಿಡಿದು ಸಣ್ಣ ಗೇಜ್ ತನಕ ಕೈ ಬದಲಾಗ್ತಾ ಇರೋ ಉಪಕರಣಗಳು. ನಿಮ್ಮದು ಫೈಲ್ ರೂಮ್ ಆಗಿರ್ಲಿ, ಲ್ಯಾಬ್ ಆಗಿರ್ಲಿ, ಹೆಜ್ಜೆಗಳು ಇವೇ.

ಹಂತ 1: ಮೊದಲು ಗಡಿ ಬರ್ಕೊಳ್ಳಿ

ಒಂದು ಹಾಳೆ ತಗೊಂಡು ರೂಮಿನ ನಕ್ಷೆ ಹಾಕಿ, ಅದರಲ್ಲಿ ಮೂರು ಥರದ ಜಾಗ ಗುರುತು ಮಾಡಿ. ಒಂದು, ಕೈಯಾರೆ ಮುಟ್ಟಿಸಿ ಓದಿಸೋ ಜಾಗ, ಅಂದ್ರೆ ಕೌಂಟರ್ ಮೇಲಿನ ಪ್ಯಾಡ್, ಇಲ್ಲಿ 5 ಸೆಂಟಿಮೀಟರ್ ಸಾಕು. ಎರಡು, ಸಾಮಾನು ಸುಮ್ನೆ ಕೂತಿರೋ ಜಾಗ, ಶೆಲ್ಫು ಡ್ರಾಯರು, ಇಲ್ಲಿ 10ರಿಂದ 30 ಸೆಂಟಿಮೀಟರ್. ಮೂರು, ದಾಟಿ ಹೋಗೋ ಜಾಗ, ಬಾಗಿಲು, ಇಲ್ಲಿ ಎರಡೂ ಕಡೆ ಆಂಟೆನಾ (ಅಂದ್ರೆ ಓದೋ ಸುರುಳಿ) ನಿಲ್ಲಿಸಿ ಮಧ್ಯ ಒಂದು ಮೀಟರ್ ಹತ್ತಿರದ ಅಂತರ ಬೇಕಾಗತ್ತೆ. ಪ್ರತಿ ಜಾಗಕ್ಕೂ ಎರಡು ನಂಬರ್ ಬರೀರಿ: ಇಷ್ಟರೊಳಗೆ ಓದಲೇಬೇಕು, ಇಷ್ಟರಾಚೆ ಓದಲೇಬಾರದು. ಎರಡನೇ ನಂಬರ್ ಬರೆಯದೇ ಮುಂದೆ ಹೋಗ್ಬೇಡಿ, ಮುಂದಿನ ಎಲ್ಲಾ ನಿರ್ಧಾರ ಅದ್ರ ಮೇಲೇ ನಿಂತಿರತ್ತೆ.

ಹಂತ 2: ಕಾಂತಕ್ಷೇತ್ರ ಹೇಗೆ ಮಾತು ಸಾಗಿಸತ್ತೆ ಅಂತ ಸರಿಯಾಗಿ ಅರ್ಥ ಮಾಡ್ಕೊಳ್ಳಿ

ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿಷಯನೇ ಇಲ್ಲಿ ಪೂರ್ತಿ ಕೆಲಸ ಮಾಡೋದು: ಒಂದು ಸುರುಳಿಯ ಒಳಗೆ ಹಾದುಹೋಗೋ ಕಾಂತಕ್ಷೇತ್ರ ಬದಲಾಗ್ತಾ ಇದ್ರೆ ಆ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟತ್ತೆ. ರೀಡರ್, ಅಂದ್ರೆ ಟ್ಯಾಗ್ ಓದೋ ಯಂತ್ರ, ತನ್ನ ಸುರುಳಿಗೆ ಆಲ್ಟರ್ನೇಟಿಂಗ್ ಕರೆಂಟ್ ಕೊಡತ್ತೆ, ಅದ್ರ ಸುತ್ತ ಕ್ಷೇತ್ರ ಏಳತ್ತೆ ಬೀಳತ್ತೆ, ಟ್ಯಾಗ್‌ನ ಸುರುಳಿ ಆ ಕ್ಷೇತ್ರದಲ್ಲಿದ್ರೆ ಅದ್ರಲ್ಲಿ ವೋಲ್ಟೇಜ್ ಬರತ್ತೆ, ಅದನ್ನ ಡಿಸಿ ಮಾಡ್ಕೊಂಡು ಒಳಗಿನ ಚಿಪ್ ಎದ್ದು ಕೂರತ್ತೆ. ಬ್ಯಾಟರಿ ಇಲ್ಲ. ಟ್ರಾನ್ಸ್‌ಫಾರ್ಮರ್‌ನ ಎರಡು ಸುರುಳಿ ಬಿಡಿಸಿ ದೂರ ಇಟ್ಟ ಹಾಗೆ ಇದು, ಕಬ್ಬಿಣದ ಕೋರ್ ಬದಲು ಮಧ್ಯ ಗಾಳಿ ಇದೆ ಅಷ್ಟೇ.

ಚಿಪ್ ವಾಪಸ್ ಉತ್ತರ ಕೊಡೋ ರೀತಿ ನಂಗೆ ಇಡೀ ವಿಷಯದಲ್ಲೇ ತುಂಬಾ ಇಷ್ಟವಾದ ಭಾಗ. ಟ್ಯಾಗ್ ತಾನಾಗಿ ಏನೂ ಪ್ರಸಾರ ಮಾಡಲ್ಲ. ತನ್ನ ಸುರುಳಿಗೆ ಅಡ್ಡಲಾಗಿ ಒಂದು ಲೋಡನ್ನ ಹಾಕೋದು ತೆಗೆಯೋದು ಮಾಡತ್ತೆ, ಲೋಡ್ ಹಾಕಿದಾಗ ಟ್ಯಾಗ್ ಸ್ವಲ್ಪ ಜಾಸ್ತಿ ಶಕ್ತಿ ಎಳ್ಕೊಳ್ಳತ್ತೆ, ಆ ಎಳೆತ ರೀಡರ್‌ನ ಸುರುಳಿಯಲ್ಲಿ ಒಂಚೂರು ವೋಲ್ಟೇಜ್ ವ್ಯತ್ಯಾಸವಾಗಿ ಕಾಣತ್ತೆ. ಇದಕ್ಕೆ ಲೋಡ್ ಮಾಡ್ಯುಲೇಷನ್ ಅಂತಾರೆ. ರೀಡರ್‌ನ ಸ್ವಂತ ಸಿಗ್ನಲ್ ಮುಂದೆ ಈ ವ್ಯತ್ಯಾಸ ಬಹಳ ಸಣ್ಣದು, ಹಾಗಾಗಿ 13.56 ಮೆಗಾಹರ್ಟ್ಜ್ ಟ್ಯಾಗ್‌ಗಳು ಉತ್ತರವನ್ನ ಸ್ವಲ್ಪ ಪಕ್ಕದ ಆವರ್ತನಕ್ಕೆ ಸರಿಸಿ ಕಳಿಸ್ತವೆ: ಐಎಸ್‌ಒ 15693 ಟ್ಯಾಗ್ ಆದ್ರೆ 423.75 ಕಿಲೋಹರ್ಟ್ಜ್ ಆಚೀಚೆ, ಐಎಸ್‌ಒ 14443 ಆದ್ರೆ 847.5 ಕಿಲೋಹರ್ಟ್ಜ್ ಆಚೀಚೆ (ಇವು ಟ್ಯಾಗ್‌ಗಳ ಎರಡು ಸ್ಟ್ಯಾಂಡರ್ಡ್, ವಿವರ ಹಂತ 3ರಲ್ಲಿ). ರೀಡರ್ ಆ ಪಕ್ಕದ ಪಟ್ಟಿಯಲ್ಲಿ ಮಾತ್ರ ಕಿವಿಗೊಟ್ಟು ಕೇಳತ್ತೆ. ಈ ನಂಬರ್‌ಗಳು ನೆನಪಿರ್ಲಿ, ಟ್ಯೂನಿಂಗ್ ಮಾಡುವಾಗ ಬೇಕಾಗತ್ತೆ.

ಈಗ ಗಡಿ ವಿಷಯ. ಸುರುಳಿಯಿಂದ ಸ್ವಲ್ಪ ದೂರ ಹೋದ್ಮೇಲೆ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಇಳಿಯತ್ತೆ, ಅಂದ್ರೆ ದೂರ ಎರಡು ಪಟ್ಟಾದ್ರೆ ಕ್ಷೇತ್ರ ಎಂಟರಲ್ಲಿ ಒಂದು ಭಾಗ, ಟ್ಯಾಗ್‌ಗೆ ಸಿಗೋ ಪವರ್ ಅರವತ್ತನಾಲ್ಕರಲ್ಲಿ ಒಂದು ಭಾಗ. ಮಾಮೂಲಿ ರೇಡಿಯೋ ತರಂಗದಲ್ಲಿ ದೂರ ಎರಡು ಪಟ್ಟಾದ್ರೆ ಪವರ್ ನಾಲ್ಕರಲ್ಲಿ ಒಂದಾಗತ್ತೆ ಅಷ್ಟೇ, ಅದಕ್ಕೇ ಅದು ಗೋಡೆ ಗೋಡೆಗೂ ಬಡಿದು ಎಲ್ಲೆಲ್ಲೋ ಕಾಣಿಸ್ಕೊಳ್ಳತ್ತೆ. ಸುರುಳಿಯ ನೇರ ಎದುರು ಲೆಕ್ಕ ಹಾಕಿದ್ರೆ, ಮಧ್ಯದಲ್ಲಿ ಇರೋ ಕ್ಷೇತ್ರ 100 ಅಂತಿಟ್ಕೊಳ್ಳಿ, ಸುರುಳಿಯ ತ್ರಿಜ್ಯದಷ್ಟು ದೂರದಲ್ಲಿ ಅದು 35, ಎರಡು ತ್ರಿಜ್ಯದಲ್ಲಿ 9, ಮೂರು ತ್ರಿಜ್ಯದಲ್ಲಿ 3. ನೋಡಿ, ತ್ರಿಜ್ಯದೊಳಗೆ ಆರಾಮ, ಅದಾದ್ಮೇಲೆ ದಿಢೀರ್ ಇಳಿಜಾರು. ಗಡಿಯನ್ನ ನೀವು ಸುರುಳಿಯ ಸೈಜ್‌ನಲ್ಲೇ ಕಟ್ಟಬಹುದು ಅಂತ ಹೇಳೋದು ಇದಕ್ಕೇ.

ಈ ಘನದ ನಿಯಮ ನಿಯರ್ ಫೀಲ್ಡ್ ಒಳಗೆ ಮಾತ್ರ, ಅಂದ್ರೆ ತರಂಗದ ಉದ್ದವನ್ನ ಸುಮಾರು 6.28ರಿಂದ ಭಾಗಿಸಿದಾಗ ಬರೋ ದೂರದ ಒಳಗೆ. 13.56 ಮೆಗಾಹರ್ಟ್ಜ್‌ಗೆ ತರಂಗದ ಉದ್ದ 22 ಮೀಟರ್ ಹತ್ರ, ಹಾಗಾಗಿ ಈ ವಲಯ ಸುಮಾರು 3.5 ಮೀಟರ್. 125 ಕಿಲೋಹರ್ಟ್ಜ್‌ಗೆ ಸುಮಾರು 380 ಮೀಟರ್. ಟ್ಯಾಗ್ ಓದೋ ದೂರ ಎಲ್ಲಾ ಇದರೊಳಗೇ ಬಿತ್ತು. 900 ಮೆಗಾಹರ್ಟ್ಜ್ ಯುಎಚ್‌ಎಫ್ (ಅತಿ ಹೆಚ್ಚು ಆವರ್ತನದ) ಟ್ಯಾಗ್‌ಗೆ ಇದೇ ವಲಯ 5 ಸೆಂಟಿಮೀಟರ್ ಚಿಲ್ಲರೆ, ಅದು ದೂರದಿಂದ ಕೆಲಸ ಮಾಡೋದು ನಿಜವಾದ ರೇಡಿಯೋ ತರಂಗದಿಂದ. ಹೆಸರಲ್ಲಿ ಎಲ್ಲವೂ ಆರ್‌ಎಫ್‌ಐಡಿನೇ (ರೇಡಿಯೋ ಆವರ್ತನದಿಂದ ಗುರುತು ಹಿಡಿಯೋ ತಂತ್ರ) ಆದ್ರೂ ಒಳಗಿನ ಭೌತಶಾಸ್ತ್ರವೇ ಬೇರೆ.

ಇನ್ನೊಂದು ಲಾಭ: ನೀರು, ಮರ, ಪ್ಲಾಸ್ಟಿಕ್, ಮನುಷ್ಯನ ಮೈ, ಇವುಗಳ ಕಾಂತೀಯ ಗುಣ ಹೆಚ್ಚು ಕಮ್ಮಿ ಗಾಳಿಯ ಹಾಗೇ. ಅದಕ್ಕೇ ಕೈಯಲ್ಲಿ ಮುಚ್ಚಿ ಹಿಡಿದ ಟ್ಯಾಗೂ ಓದತ್ತೆ, ಎಣ್ಣೆ ಮೆತ್ತಿರೋ ಟೂಲ್ ಮೇಲಿನ ಟ್ಯಾಗೂ ಓದತ್ತೆ. ಯುಎಚ್‌ಎಫ್‌ಗೆ ನೀರು ಮತ್ತು ಮೈ ದೊಡ್ಡ ಕಾಟ, ಇಲ್ಲಿ ಹಾಗಿಲ್ಲ. ಇಲ್ಲಿ ಶತ್ರು ಒಂದೇ, ಲೋಹ. ಅದರ ಬಗ್ಗೆ ಹಂತ 4ರಲ್ಲಿ ವಿವರವಾಗಿ ಬರೀತೀನಿ.

ಹಂತ 3: ಆವರ್ತನ ಆರಿಸಿ

ಆಯ್ಕೆ ಮುಖ್ಯವಾಗಿ ಮೂರು.

125 ಅಥವಾ 134.2 ಕಿಲೋಹರ್ಟ್ಜ್, ಅಂದ್ರೆ ಎಲ್‌ಎಫ್ (ಕಡಿಮೆ ಆವರ್ತನ). ನಿಧಾನ, ಮೆಮೊರಿ ಕಮ್ಮಿ, ತುಂಬಾ ಅಗ್ಗದ ಟ್ಯಾಗ್‌ಗಳಲ್ಲಿ ಒಂದೇ ಸಲಕ್ಕೆ ಒಂದೇ ಓದಲಿಕ್ಕಾಗೋದು. ಆದ್ರೆ ಗಟ್ಟಿ. ಜಾನುವಾರುಗಳ ಕಿವಿ ಟ್ಯಾಗು, ಚರ್ಮದ ಕೆಳಗೆ ಹಾಕೋ ಗಾಜಿನ ಟ್ಯಾಗು ಇವು ಹೆಚ್ಚಾಗಿ ಐಎಸ್‌ಒ 11784 ಮತ್ತು 11785 ಪ್ರಕಾರ 134.2 ಕಿಲೋಹರ್ಟ್ಜ್‌ನಲ್ಲಿ ನಡೆಯೋದು.

13.56 ಮೆಗಾಹರ್ಟ್ಜ್, ಎಚ್‌ಎಫ್ (ಹೆಚ್ಚು ಆವರ್ತನ). ಫೋನು ಕಾರ್ಡು ಹತ್ರ ಹಿಡಿದು ಮಾತಾಡಿಸೋ ಎನ್‌ಎಫ್‌ಸಿ ಇದರ ಒಂದು ಶಾಖೆ, ನೋಕಿಯಾ ಫಿಲಿಪ್ಸ್ ಸೋನಿ ಸೇರಿ 2004ರಲ್ಲಿ ಎನ್‌ಎಫ್‌ಸಿ ಫೋರಂ ಕಟ್ಟಿದ್ರು. ಇದರಲ್ಲಿ ಎರಡು ದಾರಿ: ಐಎಸ್‌ಒ 14443, ಕಾರ್ಡ್ ಮುಟ್ಟಿಸೋ ಥರದ್ದು, 10 ಸೆಂಟಿಮೀಟರ್ ಒಳಗೆ, ವೇಗ ಜಾಸ್ತಿ, ಐಎಸ್‌ಒ 15693, ಇನ್ನೂ ದೂರ ಹೋಗೋದು, ಸೆಕೆಂಡಿಗೆ 26 ಕಿಲೋಬಿಟ್ ಸುತ್ತ, ಕಮ್ಮಿ ಕ್ಷೇತ್ರದಲ್ಲೂ ಏಳೋ ಟ್ಯಾಗ್. 14443 ಟ್ಯಾಗ್‌ಗೆ ಕನಿಷ್ಠ ಮೀಟರಿಗೆ 1.5 ಆಂಪಿಯರ್ ಕ್ಷೇತ್ರ ಅಂತ ಸ್ಟ್ಯಾಂಡರ್ಡ್ ಹೇಳತ್ತೆ, 15693ಗೆ ಬರೀ 0.15. ಹತ್ತು ಪಟ್ಟು ವ್ಯತ್ಯಾಸ ಇದು, ಶೆಲ್ಫ್ ಮತ್ತು ಡ್ರಾಯರ್ ಕೆಲಸಕ್ಕೆ ಕಣ್ಣು ಮುಚ್ಕೊಂಡು 15693 ತಗೊಳ್ಳಿ ಅನ್ನೋದಕ್ಕೆ ಇದೊಂದೇ ಕಾರಣ ಸಾಕು. ಎನ್‌ಎಫ್‌ಸಿ ಇರೋ ಎಷ್ಟೋ ಫೋನ್‌ಗಳು ಇದನ್ನ ಟೈಪ್ 5 ಟ್ಯಾಗ್ ಅಂತ ಓದ್ತವೆ ಕೂಡ, ಹಾಗಾಗಿ ರೀಡರ್ ಕೈಗೆ ಬರೋ ಮುಂಚೆನೇ ಫೋನಲ್ಲಿ ಟ್ಯಾಗ್ ಚೆಕ್ ಮಾಡ್ಬಹುದು.

ಮೂರನೇದು ಬ್ಯಾಟರಿ ಇರೋ ಕಾಂತೀಯ ಟ್ಯಾಗ್. ರೂಬೀ ಅಂತ ಒಂದಿದೆ, ಐಇಇಇ 1902.1 ಅಂತ 2009ರಲ್ಲಿ ಸ್ಟ್ಯಾಂಡರ್ಡ್ ಆಯ್ತು, 131 ಕಿಲೋಹರ್ಟ್ಜ್, ಸೆಕೆಂಡಿಗೆ 1,200 ಬಿಟ್ ಅಷ್ಟೇ, ಆದ್ರೆ ಟ್ಯಾಗ್ ತನ್ನದೇ ಬ್ಯಾಟರಿಯಿಂದ ತನ್ನದೇ ಕಾಂತಕ್ಷೇತ್ರ ಎಬ್ಬಿಸಿ ಉತ್ತರ ಕೊಡೋದ್ರಿಂದ ಕೆಲವು ಮೀಟರ್ ದೂರ ಹೋಗತ್ತೆ, ಉಕ್ಕು ಸುತ್ತ ಇದ್ರೂ ತಡ್ಕೊಳ್ಳತ್ತೆ. ಇದರ ಜೊತೆ ಇನ್ನೊಂದು ಮಿಶ್ರ ಉಪಾಯನೂ ಇದೆ, ಕಾರಿನ ಕೀಲೆಸ್ ಎಂಟ್ರಿಯಲ್ಲಿ ನಡೆಯೋದು: ಕಾರು 125 ಕಿಲೋಹರ್ಟ್ಜ್ ಕಾಂತಕ್ಷೇತ್ರದಿಂದ ಕೀಯನ್ನ ಎಬ್ಬಿಸತ್ತೆ, ಕೀ ರೇಡಿಯೋದಲ್ಲಿ ಉತ್ತರ ಕೊಡತ್ತೆ. ದೊಡ್ಡ ಮಷೀನು, ಟ್ರಾಲಿ ಅಂಥದ್ದಕ್ಕೆ ಇದು ಚೆನ್ನಾಗಿ ಒಗ್ಗತ್ತೆ, ಯಾಕಂದ್ರೆ ಬಾಗಿಲ ಹತ್ರ ಬಂದಾಗ ಮಾತ್ರ ಎಚ್ಚರ ಆಗತ್ತೆ, ಉತ್ತರ ಮಾತ್ರ ದೂರದ ರಿಸೀವರ್‌ಗೂ ತಲುಪತ್ತೆ.

ಟೂಲ್ ರೂಮ್‌ಗೆ ನನ್ನ ಆಯ್ಕೆ 15693. ಮುಂದಿನದ್ದೆಲ್ಲ ಅದನ್ನ ಹಿಡ್ಕೊಂಡೇ.

ಹಂತ 4: ಟ್ಯಾಗ್ ಆರಿಸಿ, ಸರಿಯಾದ ಜಾಗದಲ್ಲಿ ಹಚ್ಚಿ

ಟ್ಯಾಗ್ ದೊಡ್ಡದಿದ್ದಷ್ಟೂ ಅದರೊಳಗೆ ಹಾಯೋ ಕ್ಷೇತ್ರ ಜಾಸ್ತಿ. ಮೇಲೆ ಹೇಳಿದ 0.15 ಕಾರ್ಡ್ ಸೈಜಿನ ಟ್ಯಾಗ್‌ಗೆ, 1 ಸೆಂಟಿಮೀಟರ್ ಅಗಲದ ಸಣ್ಣ ಬಿಲ್ಲೆಗೆ ಅದರ ಹಲವು ಪಟ್ಟು ಬೇಕು. ಹಾಗಾಗಿ ಟೂಲ್ ಮೇಲೆ ಜಾಗ ಎಷ್ಟಿದೆಯೋ ಅಷ್ಟು ದೊಡ್ಡ ಟ್ಯಾಗ್ ಹಚ್ಚಿ. ತೀರಾ ಸಣ್ಣ ಟ್ಯಾಗ್ ಹಾಕ್ಲೇಬೇಕು ಅಂದ್ರೆ ಆ ಟೂಲನ್ನ ಮುಟ್ಟಿಸಿ ಓದಿಸೋ ಪಟ್ಟಿಗೆ ಸೇರಿಸ್ಬಿಡಿ, ಶೆಲ್ಫ್‌ನಿಂದ ಓದೋ ಆಸೆ ಬೇಡ.

ಈಗ ಲೋಹ. ಟಾರ್ಕ್ ರೆಂಚ್ ಹಿಡಿಕೆ ಮೇಲೆ ಮಾಮೂಲಿ ಸ್ಟಿಕ್ಕರ್ ಟ್ಯಾಗ್ ಅಂಟಿಸಿ ನೋಡಿ, ಫೋನ್ ಒತ್ತಿ ಹಿಡಿದ್ರೂ ಓದಲ್ಲ. ಕಾರಣ ಇಷ್ಟು: ಬದಲಾಗ್ತಿರೋ ಕ್ಷೇತ್ರ ಲೋಹದೊಳಗೆ ಎಡ್ಡಿ ಕರೆಂಟ್ ಅಂತ ಸುಳಿ ಸುಳಿಯಾದ ಕರೆಂಟ್ ಹುಟ್ಟಿಸತ್ತೆ, ಆ ಕರೆಂಟ್ ಮೂಲ ಕ್ಷೇತ್ರಕ್ಕೆ ಎದುರಾಗಿ ತನ್ನದೇ ಕ್ಷೇತ್ರ ಎಬ್ಬಿಸತ್ತೆ, ಎರಡೂ ಸೇರಿ ಲೋಹದ ಮೇಲ್ಮೈಗೆ ಅಂಟಿಕೊಂಡಿರೋ ಟ್ಯಾಗ್ ಸುರುಳಿಯೊಳಗೆ ಏನೂ ಹಾಯ್ದೇ ಹೋಗಲ್ಲ. ಜೊತೆಗೆ ಲೋಹ ಹತ್ರ ಇದ್ರೆ ಸುರುಳಿಯ ಇಂಡಕ್ಟೆನ್ಸ್ (ಕರೆಂಟ್ ಬದಲಾವಣೆಗೆ ಸುರುಳಿ ಒಡ್ಡೋ ತಡೆ) ಕಮ್ಮಿಯಾಗಿ ಟ್ಯೂನಿಂಗ್, ಅಂದ್ರೆ ಅದು ಚೆನ್ನಾಗಿ ಸ್ಪಂದಿಸೋ ಆವರ್ತನ, ಮೇಲಕ್ಕೆ ಸರಿಯತ್ತೆ, ಹಾಗಾಗಿ ಎರಡು ಕಡೆಯಿಂದ ಹೊಡೆತ.

ಪರಿಹಾರ ಫೆರೈಟ್ ಹಾಳೆ. ಫೆರೈಟ್ ಕಾಂತರೇಖೆಗಳಿಗೆ ಸುಲಭದ ದಾರಿ, ಕರೆಂಟ್‌ಗೆ ಮಾತ್ರ ದಾರಿ ಕೊಡಲ್ಲ, ಹಾಗಾಗಿ ಟ್ಯಾಗ್ ಮತ್ತು ಲೋಹದ ಮಧ್ಯ ಅದಿದ್ರೆ ಕ್ಷೇತ್ರ ಲೋಹಕ್ಕೆ ಮುಟ್ಟದೆ ಫೆರೈಟ್ ಒಳಗಿಂದಲೇ ಸುತ್ತಿ ವಾಪಸ್ ಬರತ್ತೆ. ಆನ್‌ಮೆಟಲ್ ಟ್ಯಾಗ್ ಅಂತ ಮಾರೋದು ಇದನ್ನೇ. ಒಂದು ಎಚ್ಚರ: ಮಾಮೂಲಿ ಟ್ಯಾಗ್‌ಗೆ ನೀವೇ ಫೆರೈಟ್ ತುಂಡು ಹಚ್ಚಿದ್ರೆ ಇಂಡಕ್ಟೆನ್ಸ್ ಜಾಸ್ತಿಯಾಗಿ ಟ್ಯೂನಿಂಗ್ ಕೆಳಕ್ಕೆ ಬರತ್ತೆ, ಅದಕ್ಕೇ ಫೆರೈಟ್ ಸಮೇತ ಡಿಸೈನ್ ಆಗಿರೋ ಟ್ಯಾಗೇ ತಗೊಳ್ಳೋದು ವಾಸಿ. ಜಾಗ ಇದ್ರೆ ಕೆಲವು ಮಿಲಿಮೀಟರ್ ಪ್ಲಾಸ್ಟಿಕ್ ಅಂತರ ಕೊಟ್ರೂ ಸ್ವಲ್ಪ ಮಟ್ಟಿಗೆ ನಡೆಯತ್ತೆ, ಟೂಲ್‌ಗೆ ರಬ್ಬರ್ ಅಥವಾ ಪ್ಲಾಸ್ಟಿಕ್ ಹಿಡಿಕೆ ಇದ್ರಂತೂ ಅಲ್ಲೇ ಹಚ್ಚಿ, ಬೇರೆ ಯೋಚನೆ ಬೇಡ.

ದಿಕ್ಕು ಕೂಡ ನೋಡ್ಕೋಬೇಕು. ಟ್ಯಾಗ್ ಮುಖ ರೀಡರ್ ಸುರುಳಿಯ ಮುಖಕ್ಕೆ ಸಮಾನಾಂತರ ಇದ್ರೆ ಪೂರ್ತಿ ಕ್ಷೇತ್ರ ಸಿಗತ್ತೆ, 60 ಡಿಗ್ರಿ ವಾಲಿದ್ರೆ ಅರ್ಧ, ಲಂಬವಾಗಿ ನಿಂತ್ರೆ ಸುರುಳಿಯ ನೇರ ಎದುರಿನ ಗೆರೆ ಮೇಲೆ ಸೊನ್ನೆ. ಡ್ರಾಯರ್‌ನಲ್ಲಿ ಫೋಮ್ ಕತ್ತರಿಸಿ ಪ್ರತಿ ಟೂಲ್‌ಗೂ ಅದರದೇ ಗುಂಡಿ ಮಾಡಿದ್ರೆ ಟ್ಯಾಗ್ ಯಾವಾಗ್ಲೂ ಕೆಳಮುಖವಾಗಿ ಕೂರತ್ತೆ, ದಿಕ್ಕಿನ ತಲೆನೋವು ಅಲ್ಲಿಗೇ ಮುಗೀತು. ಟ್ಯಾಗ್‌ಗಳನ್ನ ಒಂದರ ಮೇಲೊಂದು ಪೇರಿಸೋದೂ ಬೇಡ, ಹತ್ತಿರದ ಸುರುಳಿಗಳು ಒಂದನ್ನೊಂದು ಎಳೆದು ಎಲ್ಲದರ ಟ್ಯೂನಿಂಗ್ ಕೆಡಿಸ್ತವೆ.

ಹಂತ 5: ರೀಡರ್ ಆಂಟೆನಾ ಮಾಡಿ, ಟ್ಯೂನ್ ಮಾಡಿ

ಇದೇ ಇಡೀ ಕೆಲಸದ ಹೃದಯ, ನಿಧಾನಕ್ಕೆ ಓದಿ.

ಸೈಜ್ ಮೊದಲು. ಕರೆಂಟ್ ಇಷ್ಟೇ ಅಂತ ಫಿಕ್ಸ್ ಆಗಿದ್ರೆ, ಒಂದು ನಿರ್ದಿಷ್ಟ ದೂರದಲ್ಲಿ ಅತಿ ಹೆಚ್ಚು ಕ್ಷೇತ್ರ ಕೊಡೋ ಸುರುಳಿಯ ತ್ರಿಜ್ಯ ಆ ದೂರದ 1.41 ಪಟ್ಟು. ಆದ್ರೆ ನಮಗೆ ಆಚೆ ಓದಬಾರದು ಅನ್ನೋ ನಂಬರೂ ಇದ್ಯಲ್ಲ, ಹಾಗಾಗಿ ಡ್ರಾಯರ್‌ಗೆ ನಾನು ಬೇಕಾದ ದೂರದಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಕಮ್ಮಿ ತ್ರಿಜ್ಯ ಇಡ್ತೀನಿ, ಇಳಿಜಾರು ಬೇಗ ಶುರುವಾಗ್ಲಿ ಅಂತ.

ಒಂದು ಲೆಕ್ಕ ಮಾಡೋಣ. 15 ಸೆಂಟಿಮೀಟರ್ ತ್ರಿಜ್ಯದ ಒಂದೇ ಸುತ್ತಿನ ಸುರುಳಿ, 2 ಮಿಲಿಮೀಟರ್ ದಪ್ಪದ ತಾಮ್ರದ ತಂತಿ. 30 ಸೆಂಟಿಮೀಟರ್ ದೂರದಲ್ಲಿ ಮೀಟರಿಗೆ 0.15 ಆಂಪಿಯರ್ ಕ್ಷೇತ್ರ ಸಿಗ್ಬೇಕಂದ್ರೆ ಸುರುಳಿಯಲ್ಲಿ ಸುಮಾರು ಅರ್ಧ ಆಂಪಿಯರ್ ಹರೀಬೇಕು. ಇದರ ಇಂಡಕ್ಟೆನ್ಸ್ 1 ಮೈಕ್ರೋಹೆನ್ರಿ ಹತ್ತಿರ, ಕ್ಯೂ (ಸುರುಳಿ ಎಷ್ಟು ಕಮ್ಮಿ ಶಕ್ತಿ ಪೋಲು ಮಾಡತ್ತೆ ಅನ್ನೋ ಅಳತೆ) 30 ಇಟ್ಟರೆ ಖರ್ಚಾಗೋ ಪವರ್ 0.7 ವ್ಯಾಟ್, ಅಂದ್ರೆ 1 ವ್ಯಾಟ್ ರೀಡರ್ ಸಾಕು. ಅದೇ ಸುರುಳಿಯಿಂದ 60 ಸೆಂಟಿಮೀಟರ್ ಬೇಕು ಅಂದ್ಕೊಳ್ಳಿ: ಕರೆಂಟ್ 3 ಆಂಪಿಯರ್ ದಾಟತ್ತೆ, ಪವರ್ 27 ವ್ಯಾಟ್. ದೂರ ಎರಡು ಪಟ್ಟು, ಪವರ್ ಸುಮಾರು ನಲವತ್ತು ಪಟ್ಟು! ಹಾಗಾದ್ರೆ ಸುರುಳಿ ದೊಡ್ಡದು ಮಾಡಿದ್ರಾಯ್ತು ಅಂತ 85 ಸೆಂಟಿಮೀಟರ್ ತ್ರಿಜ್ಯಕ್ಕೆ ಹೋದ್ರೆ ಕಾಗದದ ಮೇಲೆ ಮತ್ತೆ ಅರ್ಧ ಆಂಪಿಯರ್ ಸಾಕಾಗತ್ತೆ, ಆದ್ರೆ ಸುತ್ತಳತೆ 5.3 ಮೀಟರ್ ಆಗಿ ತರಂಗದ ಕಾಲು ಭಾಗದ ಹತ್ತಿರ ಬಂತು, ತಂತಿಯುದ್ದಕ್ಕೂ ಕರೆಂಟ್ ಒಂದೇ ಸಮ ಇರಲ್ಲ, ನಮ್ಮ ಲೆಕ್ಕ ಅಲ್ಲಿ ನಡೆಯಲ್ಲ. ಪವರ್ ಏರಿಸಿ ದೂರ ಗೆಲ್ಲೋ ಆಟ ಇಲ್ಲಿ ಯಾರಿಗೂ ಸಾಧ್ಯ ಇಲ್ಲ, ಸಣ್ಣ ಆಂಟೆನಾ ಹಲವು ಇಡೋದೇ ಸರಿಯಾದ ದಾರಿ.

ಈಗ ಟ್ಯೂನಿಂಗ್. ಸುರುಳಿಗೆ ಕೆಪಾಸಿಟರ್ ಸೇರಿಸಿ 13.56 ಮೆಗಾಹರ್ಟ್ಜ್‌ಗೆ ರೆಸೊನೆನ್ಸ್ ತರಬೇಕು, ಅಂದ್ರೆ ಆ ಆವರ್ತನಕ್ಕೇ ಅತಿ ಜೋರಾಗಿ ಸ್ಪಂದಿಸೋ ಹಾಗೆ ಮಾಡ್ಬೇಕು. ನಮ್ಮ ಸುರುಳಿಗೆ ಒಟ್ಟು 140 ಪಿಕೋಫ್ಯಾರಡ್ ಸುಮಾರು ಬೇಕಾಗತ್ತೆ, ಅದರಲ್ಲಿ ಹೆಚ್ಚಿನ ಪಾಲು ಫಿಕ್ಸೆಡ್, ಮಿಕ್ಕಿದ್ದು ಟ್ರಿಮ್ಮರ್ (ತಿರುಗಿಸಿ ಹೊಂದಿಸೋ ಕೆಪಾಸಿಟರ್). ಅರ್ಧ ಆಂಪಿಯರ್ ಹರಿಯುವಾಗ ಸುರುಳಿ ಮೇಲೆ 40 ವೋಲ್ಟ್ ಆರ್‌ಎಂಎಸ್ ಏಳತ್ತೆ, ಪೀಕ್ ಇನ್ನೂ ಜಾಸ್ತಿ, ಆದ್ದರಿಂದ 50 ವೋಲ್ಟ್ ರೇಟಿಂಗ್ ಕೆಪಾಸಿಟರ್ ಹಾಕ್ಬೇಡಿ, 200 ವೋಲ್ಟ್ ಮೇಲಿನ ಸಿಒಜಿ ಥರದ್ದು ಹಾಕಿ, ಅದು ಬಿಸಿಯಾದ್ರೂ ಬೆಲೆ ಬದಲಾಯಿಸಲ್ಲ.

ಟ್ಯೂನ್ ಮಾಡೋಕೆ ನ್ಯಾನೋವಿಎನ್‌ಎ ಅನ್ನೋ ಆಂಟೆನಾ ಅಳೆಯೋ ಸಣ್ಣ ಉಪಕರಣ ಸಾಕು. ಆಂಟೆನಾವನ್ನ ಅದು ಕೊನೆಗೆ ಎಲ್ಲಿ ಕೂರತ್ತೋ ಅಲ್ಲೇ ಇಟ್ಟು, ಡ್ರಾಯರ್ ಮುಚ್ಚಿ, ಒಳಗೆ ಟೂಲ್‌ಗಳನ್ನೂ ಇಟ್ಟು ಆಮೇಲೆ ಟ್ಯೂನ್ ಮಾಡಿ. ಟೇಬಲ್ ಮೇಲೆ ಚೆಂದವಾಗಿ ಟ್ಯೂನ್ ಆದದ್ದು ಕಪಾಟಿಗೆ ಹೋದ ತಕ್ಷಣ ಕೆಡೋದು ಖಂಡಿತ. 13.56ರಲ್ಲಿ ಎಸ್11 ಗೆರೆ (ಆಂಟೆನಾದಿಂದ ವಾಪಸ್ ಬರೋ ಸಿಗ್ನಲ್ ತೋರಿಸೋ ಗೆರೆ) ಆಳವಾಗಿ ಬೀಳೋ ತನಕ ಟ್ರಿಮ್ಮರ್ ತಿರುಗಿಸಿ, 50 ಓಮ್‌ಗೆ ಹೊಂದಿಸಿ. ಟ್ರಿಮ್ಮರ್‌ಗೆ ಪ್ಲಾಸ್ಟಿಕ್ ಸ್ಕ್ರೂಡ್ರೈವರೇ ಬಳಸಿ, ಲೋಹದ್ದು ಹತ್ರ ತಂದ್ರೆನೇ ಗೆರೆ ಓಡತ್ತೆ.

ಕ್ಯೂ ವಿಷಯ: ಕ್ಯೂ ಜಾಸ್ತಿ ಇದ್ರೆ ಕ್ಷೇತ್ರ ಜಾಸ್ತಿ, ಆದ್ರೆ ಬ್ಯಾಂಡ್‌ವಿಡ್ತ್ (ಆಂಟೆನಾ ಚೆನ್ನಾಗಿ ಸ್ಪಂದಿಸೋ ಆವರ್ತನಗಳ ಅಗಲ) ಕಮ್ಮಿ. ಕ್ಯೂ 30ಕ್ಕೆ ಬ್ಯಾಂಡ್‌ವಿಡ್ತ್ 450 ಕಿಲೋಹರ್ಟ್ಜ್, ಅಂದ್ರೆ ಒಂದೊಂದು ಕಡೆಗೆ 225 ಅಷ್ಟೇ, ಟ್ಯಾಗ್‌ನ ಉತ್ತರ 424 ಕಿಲೋಹರ್ಟ್ಜ್ ಆಚೀಚೆ ಇರೋದು ನೆನಪಿದ್ಯಲ್ಲ, ಅದು ಆಗಲೇ ಅಂಚಿನಿಂದ ಹೊರಗೆ ಬಿದ್ದಿದೆ, ಸ್ವಲ್ಪ ಕುಗ್ಗಿದ್ರೂ ರೀಡರ್ ಹಿಡೀತದೆ. ಕ್ಯೂ 100 ಮಾಡಿದ್ರೆ ಟ್ಯಾಗ್ ಎದ್ದು ಉತ್ತರ ಕೊಟ್ರೂ ರೀಡರ್‌ಗೆ ಕೇಳೋದು ಕಷ್ಟ. 20ರಿಂದ 30ರ ಮಧ್ಯ ಇರ್ಲಿ, ಜಾಸ್ತಿ ಇದ್ರೆ ಸುರುಳಿಗೆ ಅಡ್ಡಲಾಗಿ ರೆಸಿಸ್ಟರ್ ಹಾಕಿ ಇಳಿಸಿ. ಆ ರೆಸಿಸ್ಟರ್ ಬಿಸಿಯಾಗತ್ತೆ, ವ್ಯಾಟೇಜ್ ನೋಡಿ ಹಾಕಿ.

ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ: ಸ್ಟೀಲ್ ಶೆಲ್ಫ್‌ನ ಚೌಕಟ್ಟು ಆಂಟೆನಾ ಸುತ್ತ ಒಂದು ಮುಚ್ಚಿದ ಉಂಗುರ ಆಗತ್ತೆ, ಅಂದ್ರೆ ಶಾರ್ಟ್ ಆದ ಸುರುಳಿ, ನಿಮ್ಮ ಕ್ಷೇತ್ರವನ್ನೆಲ್ಲ ಅದೇ ತಿಂದು ಹಾಕತ್ತೆ. ಚೌಕಟ್ಟಿನ ಒಂದು ಜಾಯಿಂಟ್ ಬಿಚ್ಚಿ ಮಧ್ಯ ನೈಲಾನ್ ವಾಷರ್, ನೈಲಾನ್ ಬೋಲ್ಟ್ ಹಾಕಿ ಉಂಗುರ ಕತ್ತರಿಸಿ. ಆಗ್ಲಿಲ್ಲ ಅಂದ್ರೆ ಆಂಟೆನಾ ಇರೋ ಹಲಗೆ ಪ್ಲೈವುಡ್‌ದು ಮಾಡಿ, ಲೋಹದಿಂದ ಕೆಲವು ಸೆಂಟಿಮೀಟರ್ ದೂರ ಎತ್ತಿ ಇಡಿ. ಮುಚ್ಚಿದ ಸ್ಟೀಲ್ ಪೆಟ್ಟಿಗೆ ಒಳಗಿರೋ ಟ್ಯಾಗನ್ನ ಹೊರಗಿಂದ ಓದೋ ಪ್ರಯತ್ನ ಮಾತ್ರ ಮಾಡ್ಲೇಬೇಡಿ, ಆಂಟೆನಾ ಒಳಗೇ ಇರ್ಬೇಕು, ಕೇಬಲ್ ಮಾತ್ರ ಹೊರಗೆ.

ಹಂತ 6: ಕ್ಷೇತ್ರವನ್ನ ಅಳೆದು ನಕ್ಷೆ ಮಾಡಿ

ಆಸಿಲೋಸ್ಕೋಪ್ ಪ್ರೋಬ್‌ನ ಗ್ರೌಂಡ್ ಕ್ಲಿಪ್ಪನ್ನ ಅದರದೇ ತುದಿಗೆ ಕಚ್ಚಿಸಿ, ಅಲ್ಲಿಗೆ ನಿಮ್ಮ ಹತ್ರ ಒಂದು ಕ್ಷೇತ್ರ ಅಳೆಯೋ ಸುರುಳಿ ರೆಡಿ. ನಿಖರವಾಗಿ ಬೇಕಂದ್ರೆ 3 ಸೆಂಟಿಮೀಟರ್ ವ್ಯಾಸದ ಒಂದು ಸುತ್ತು ತಂತಿ ಮಾಡ್ಕೊಂಡು ಅದಕ್ಕೆ ಪ್ರೋಬ್ ಹಾಕಿ. 13.56 ಮೆಗಾಹರ್ಟ್ಜ್‌ನಲ್ಲಿ 0.15 ಕ್ಷೇತ್ರ ಇದ್ರೆ ಅದರಲ್ಲಿ 11 ಮಿಲಿವೋಲ್ಟ್ ಆರ್‌ಎಂಎಸ್ ಬರತ್ತೆ, ಸ್ಕೋಪ್ ಪರದೆ ಮೇಲೆ ಮೇಲಿಂದ ಕೆಳಕ್ಕೆ ಸುಮಾರು 32 ಮಿಲಿವೋಲ್ಟ್. ಈ 32 ನಿಮ್ಮ ಗೆರೆ. ಡ್ರಾಯರ್ ಒಳಗೆ 5 ಸೆಂಟಿಮೀಟರ್‌ಗೊಂದರಂತೆ ಪ್ರೋಬ್ ಸರಿಸ್ತಾ, ಟ್ಯಾಗ್ ಕೂರೋ ದಿಕ್ಕಿನಲ್ಲೇ ಸುರುಳಿ ಹಿಡಿದು, ಪ್ರತಿ ಜಾಗದ ನಂಬರ್ ಹಾಳೆ ಮೇಲೆ ಬರೀರಿ. 32ಕ್ಕಿಂತ ಕಮ್ಮಿ ಇರೋ ಕಡೆ ಟ್ಯಾಗ್ ಏಳೋದು ಅನುಮಾನ. ಸುರುಳಿಯ ತಂತಿಯ ನೇರ ಮೇಲೆ ಕ್ಷೇತ್ರ ಅಡ್ಡ ಮಲಗಿರತ್ತೆ, ಅಲ್ಲಿ ಮಲಗಿಸಿದ ಟ್ಯಾಗ್ ಓದಲ್ಲ, ನಕ್ಷೆಯಲ್ಲಿ ಈ ಪಟ್ಟಿ ಎದ್ದು ಕಾಣತ್ತೆ. ಟೂಲ್‌ನ ಗುಂಡಿಗಳನ್ನ ಆ ಪಟ್ಟಿ ಬಿಟ್ಟು ಹಾಕಿ.

ಆಮೇಲೆ ಪಕ್ಕದ ಡ್ರಾಯರ್‌ಗೆ ಹೋಗಿ ಅಲ್ಲೂ ಅಳೆಯಿರಿ. ಅಲ್ಲಿ 32ರ ಹತ್ತಿರ ಬಂದ್ರೆ ರೀಡರ್ ಪವರ್ ಇಳಿಸಿ. ಮಧ್ಯ ಅಲ್ಯೂಮಿನಿಯಂ ತಗಡು ಹಾಕೋದೂ ಒಂದು ದಾರಿ, ಈ ಆವರ್ತನದಲ್ಲಿ ಕರೆಂಟ್ ಲೋಹದ ಮೇಲ್ಮೈಯಲ್ಲೇ ಹರಿಯೋದು, ತಾಮ್ರದಲ್ಲಿ ಆ ಪದರದ ದಪ್ಪ 0.02 ಮಿಲಿಮೀಟರ್‌ಗೂ ಕಮ್ಮಿ, ಹಾಗಾಗಿ ತೆಳು ತಗಡೇ ಗೋಡೆಯಾಗಿ ನಿಲ್ಲತ್ತೆ. ತಗಡು ಹಾಕಿದ್ಮೇಲೆ ಮತ್ತೆ ಟ್ಯೂನ್ ಮಾಡೋದು ಕಡ್ಡಾಯ.

ಹಂತ 7: ಹಲವು ಟ್ಯಾಗ್, ಹಲವು ಆಂಟೆನಾ

ಒಂದೇ ಡ್ರಾಯರ್‌ನಲ್ಲಿ ಇಪ್ಪತ್ತು ಟ್ಯಾಗ್ ಒಟ್ಟಿಗೆ ಉತ್ತರ ಕೊಟ್ರೆ ಗದ್ದಲ. 15693ರಲ್ಲಿ ಇದಕ್ಕೆ 16 ಸ್ಲಾಟ್‌ನ ವ್ಯವಸ್ಥೆ ಇದೆ: ಪ್ರತಿ ಟ್ಯಾಗ್ ತನ್ನ 64 ಬಿಟ್ ಐಡಿಯ ಕೊನೆ ನಾಲ್ಕು ಬಿಟ್ ನೋಡಿ ತನ್ನ ಸ್ಲಾಟ್‌ನಲ್ಲಿ ಮಾತ್ರ ಮಾತಾಡತ್ತೆ, ಒಂದೇ ಸ್ಲಾಟ್‌ಗೆ ಎರಡು ಬಿದ್ರೆ ರೀಡರ್ ಆ ಗುಂಪನ್ನ ಮಾತ್ರ ಮತ್ತೆ ಮುಂದಿನ ನಾಲ್ಕು ಬಿಟ್ ಇಟ್ಟು ಕೇಳತ್ತೆ. ರೀಡರ್ ಇದನ್ನ ತಾನೇ ಮಾಡ್ಕೊಳ್ಳತ್ತೆ, ನೀವು ಒಂದು ಸುತ್ತಿಗೆ ಸಾಕಷ್ಟು ಸಮಯ ಕೊಟ್ರೆ ಆಯ್ತು.

ಅಕ್ಕಪಕ್ಕದ ಆಂಟೆನಾಗಳನ್ನ ಒಟ್ಟಿಗೆ ಆನ್ ಮಾಡ್ಬೇಡಿ. ಮಲ್ಟಿಪ್ಲೆಕ್ಸರ್ (ಒಂದೇ ರೀಡರನ್ನ ಹಲವು ಆಂಟೆನಾಗೆ ಜೋಡಿಸೋ ಸ್ವಿಚ್) ಹಾಕಿ ಒಂದೊಂದಾಗಿ ಸರದಿ ಮೇಲೆ ನಡೆಸಿ, ಆಫ್ ಆಗಿರೋ ಆಂಟೆನಾ ಟ್ಯೂನ್ ಆಗೇ ಉಳಿದ್ರೆ ಪಕ್ಕದವರ ಕ್ಷೇತ್ರ ಎಳ್ಕೊಳ್ಳತ್ತೆ, ಹಾಗಾಗಿ ಆಫ್ ಆದಾಗ ಡಿಟ್ಯೂನ್ ಮಾಡೋ ಮಲ್ಟಿಪ್ಲೆಕ್ಸರ್ ಆರಿಸಿ. ಬಾಗಿಲಿಗೆ ಎರಡೂ ಕಡೆ ಒಂದೊಂದು ಆಂಟೆನಾ ನಿಲ್ಲಿಸಿ, ಎರಡರ ಫೇಸ್ (ಕರೆಂಟ್ ಏಳೋ ಬೀಳೋ ತಾಳ) ಒಂದ್ಸಲ ಒಂದೇ ಥರ, ಒಂದ್ಸಲ ಎದುರು ಬದುರು ಮಾಡ್ತಾ ಹೋದ್ರೆ ಮಧ್ಯ ಕ್ಷೇತ್ರದ ದಿಕ್ಕು ಬದಲಾಗ್ತಾ ಇರತ್ತೆ, ಒಂದು ದಿಕ್ಕಿನಲ್ಲಿ ತಪ್ಪಿಸಿಕೊಂಡ ಟ್ಯಾಗ್ ಇನ್ನೊಂದರಲ್ಲಿ ಸಿಕ್ಕಿಬೀಳತ್ತೆ.

ಹಂತ 8: ಓದಿದ್ದನ್ನ ಲೆಕ್ಕಕ್ಕೆ ಸೇರಿಸಿ

ಐಡಿ ಮತ್ತು ಟೂಲ್‌ನ ಹೆಸರಿನ ಜೋಡಿ ಡೇಟಾಬೇಸ್‌ನಲ್ಲಿರ್ಲಿ, ಟ್ಯಾಗ್ ಮೆಮೊರಿಯಲ್ಲಿ ಬೇಡ, ಟ್ಯಾಗ್ ಹಾಳಾದ್ರೆ ಬದಲಾಯಿಸೋದು ಸುಲಭ ಆಗತ್ತೆ. ಒಂದು ಸುತ್ತಿನಲ್ಲಿ ಟ್ಯಾಗ್ ಕಾಣ್ಲಿಲ್ಲ ಅಂದ ಮಾತ್ರಕ್ಕೆ "ಹೋಯ್ತು" ಅಂತ ಬರೀಬೇಡಿ. ಸತತ ಮೂರ್ನಾಲ್ಕು ಸುತ್ತು ಕಾಣದಿದ್ರೆ ಮಾತ್ರ ಹೊರಗೆ ಅಂತ ಮಾಡಿ, ಕಂಡ ತಕ್ಷಣ ಒಳಗೆ ಅಂತ ಮಾಡಿ. ಡ್ರಾಯರ್‌ಗೆ ಒಂದು ಸಣ್ಣ ಸ್ವಿಚ್ ಹಾಕಿ, ಮುಚ್ಚಿದಾಗ ಮಾತ್ರ ಎಣಿಕೆ ನಡೆಯೋ ಹಾಗೆ ಮಾಡಿದ್ರೆ ಅರ್ಧ ಗೊಂದಲ ಇರೋದೇ ಇಲ್ಲ. ಬಾಗಿಲ ಲೆಕ್ಕ ಶೆಲ್ಫ್ ಲೆಕ್ಕದ ಜೊತೆ ತಾಳೆ ಆಗ್ತಾ ಇರ್ಲಿ: ಶೆಲ್ಫ್‌ನಿಂದ ಹೋಗಿದೆ, ಬಾಗಿಲು ದಾಟಿಲ್ಲ ಅಂದ್ರೆ ಟೂಲ್ ರೂಮಲ್ಲೇ ಎಲ್ಲೋ ಬೆಂಚ್ ಮೇಲಿದೆ. ಹುಡುಕೋರಿಗೆ ಇಷ್ಟು ತಿಳಿದ್ರೆ ಎಷ್ಟೋ ಸಮಯ ಉಳಿಯತ್ತೆ.

ಸುರಕ್ಷತೆ ಬಗ್ಗೆ ಎರಡು ಮಾತು. ಐಡಿ ಮಾತ್ರ ಓದೋ ಅಗ್ಗದ ಟ್ಯಾಗ್‌ಗಳನ್ನ ನಕಲು ಮಾಡೋದು ಸುಲಭ, 125 ಕಿಲೋಹರ್ಟ್ಜ್‌ನ ಇಎಂ4100 ಚಿಪ್ ಅಂತೂ ಬರೀ ಒಂದು ನಂಬರ್ ಹೇಳ್ತಾ ಕೂರತ್ತೆ, 13.56 ಮೆಗಾಹರ್ಟ್ಜ್‌ನ ಮೈಫೇರ್ ಕ್ಲಾಸಿಕ್ ಕಾರ್ಡ್‌ನ ಗೂಢಲಿಪಿಯನ್ನ ಸಂಶೋಧಕರು 2008ರಲ್ಲೇ ಒಡೆದು ಹಾಕಿದ್ದಾರೆ. ಟೂಲ್ ಎಣಿಸೋಕೆ ಇದು ದೊಡ್ಡ ವಿಷಯ ಅಲ್ಲ, ಆದ್ರೆ ಅದೇ ಟ್ಯಾಗ್‌ನಿಂದ ಬಾಗಿಲ ಬೀಗ ತೆಗೆಸೋ ಯೋಚನೆ ಇದ್ರೆ ಎಇಎಸ್ ಅನ್ನೋ ಗಟ್ಟಿ ಗೂಢಲಿಪಿ ಇರೋ ಚಿಪ್ಪೇ ತಗೊಳ್ಳಿ. ಎರಡನೇದು, ಪೇಸ್‌ಮೇಕರ್ ಹಾಕಿಸ್ಕೊಂಡಿರೋರು ಬಾಗಿಲ ಆಂಟೆನಾಗೆ ಒರಗಿ ನಿಲ್ಲಬಾರದು, ದಾಟಿ ಹೋಗ್ತಾ ಇರ್ಬೇಕು, ಅಲ್ಲೊಂದು ಬೋರ್ಡ್ ಹಾಕಿ. ರೀಡರ್ ಪವರ್‌ಗೆ ನಿಮ್ಮ ದೇಶದ ರೇಡಿಯೋ ನಿಯಮದ ಮಿತಿ ಏನಿದೆ ಅಂತಾನೂ ನೋಡ್ಕೊಳ್ಳಿ.

ಹಂತ 9: ಪರೀಕ್ಷೆ, ಆಮೇಲಿನ ಆರೈಕೆ

ಡ್ರಾಯರ್ ಪೂರ್ತಿ ತುಂಬಿಸಿ, ಅತಿ ಕೆಟ್ಟ ಜೋಡಣೆ ಬೇಕಂತಲೇ ಮಾಡಿ: ದೊಡ್ಡ ಸ್ಟೀಲ್ ಟೂಲ್ ಪಕ್ಕ ಸಣ್ಣ ಟ್ಯಾಗ್, ಮೂಲೆಯಲ್ಲಿ ವಾಲಿದ ಟ್ಯಾಗ್, ಒಂದರ ಹತ್ರ ಒಂದು. ನೂರು ಸುತ್ತು ಓಡಿಸಿ ಯಾವ ಟ್ಯಾಗ್ ಎಷ್ಟು ಸಲ ತಪ್ಪಿಸ್ಕೊಳ್ತು ಅಂತ ಪಟ್ಟಿ ತೆಗೀರಿ. ಒಂದೇ ಟ್ಯಾಗ್ ಪದೇ ಪದೇ ತಪ್ತಾ ಇದ್ರೆ ಅದರ ಜಾಗ ಬದಲಿಸಿ, ಎಲ್ಲವೂ ಆಗಾಗ ತಪ್ತಾ ಇದ್ರೆ ಗದ್ದಲ ಹುಡುಕಿ, ಅಗ್ಗದ ಎಲ್‌ಇಡಿ ಡ್ರೈವರು, ಸ್ವಿಚಿಂಗ್ ಪವರ್ ಸಪ್ಲೈ ಹತ್ತಿರ ಇದ್ಯಾ ನೋಡಿ, ಒಂದೊಂದಾಗಿ ಆಫ್ ಮಾಡಿ ಮತ್ತೆ ನೂರು ಸುತ್ತು. ಪಕ್ಕದ ಡ್ರಾಯರ್‌ನ ಟ್ಯಾಗ್ ಒಂದೇ ಒಂದು ಸಲ ಈ ಪಟ್ಟಿಯಲ್ಲಿ ಕಂಡ್ರೂ ಬಿಡ್ಬೇಡಿ, ಹಂತ 6ಕ್ಕೆ ಹೋಗಿ ಪವರ್ ಇಳಿಸಿ, ತಪ್ಪಿಸ್ಕೊಳ್ಳೋ ಟ್ಯಾಗ್‌ಗಿಂತ ಸುಳ್ಳು ಹೇಳೋ ಲೆಕ್ಕ ಕೆಟ್ಟದ್ದು.

ಪ್ರತಿ ಡ್ರಾಯರ್‌ನಲ್ಲಿ ಒಂದು ಟ್ಯಾಗನ್ನ ಹಲಗೆಗೇ ಶಾಶ್ವತವಾಗಿ ಅಂಟಿಸಿಡಿ, ಅದೂ ಕ್ಷೇತ್ರ ಕಮ್ಮಿ ಇರೋ ಮೂಲೆಯಲ್ಲಿ. ಅದು ಕಾಣೋದು ನಿಂತ ದಿನ ಟೂಲ್ ಕಳೆದಿಲ್ಲ, ಆಂಟೆನಾ ಟ್ಯೂನಿಂಗ್ ಸರಿದಿದೆ ಅಂತ ಅರ್ಥ, ನ್ಯಾನೋವಿಎನ್‌ಎ ತಗೊಂಡು ಹೋಗಿ ಎಸ್11 ನೋಡಿ.